ಶಾಲಾ ಚಿತ್ರಪ್ರವಾಸವೂ ಸ್ಥಳಚರಿತ್ರೆಯೂ: ಕೆಂಗೇರಿಯ ಪರಿಸರವನ್ನು ಅನುಲಕ್ಷಿಸಿ

ಪ್ರೌಢಶಾಲೆಗಳ ಚಿತ್ರಕಲಾ ವಿಭಾಗದವರು ವರ್ಷಕ್ಕೆ ಒಂದೆರಡು ಸಲ ವಿದ್ಯಾರ್ಥಿಗಳನ್ನು ಹೊರಗೆ ಕರೆದೊಯ್ದು ಚಿತ್ರ ಬರೆಯಿಸುವ ಪದ್ಧತಿ ನಮ್ಮಲ್ಲಿ ಹೊಸತಲ್ಲ. ಆದರೆ ಆ ಪ್ರವಾಸಗಳಿಂದ ಮರಳಿ ಬಂದ ಹಾಳೆಗಳ ಗತಿ ಏನಾಯಿತೆಂದು ವಿಚಾರಿಸಿದವರು ವಿರಳ. ಕೆಲವು ಹಾಳೆಗಳು ಶಾಲೆಯ ವಾರ್ಷಿಕೋತ್ಸವದ ದಿನ ಗೋಡೆಯನ್ನೇರುತ್ತವೆ. ಮಿಕ್ಕವು ಪರೀಕ್ಷೆ ಮುಗಿದೊಡನೆ ಹಳೆಯ ನೋಟುಪುಸ್ತಕಗಳ ಸಂಗಡ ತೂಕಕ್ಕೆ ಹೋಗುತ್ತವೆ. ನಾವು ಚಿತ್ರಕಲೆಯ ಬೋಧಕರಲ್ಲ, ಚರಿತ್ರೆಯ ಬೋಧಕರು. ರೇಖೆಯ ಗುಣದೋಷಗಳನ್ನು ವಿಮರ್ಶಿಸುವ ಅಧಿಕಾರ ನಮಗಿಲ್ಲ. ಆದರೂ ಸ್ಥಳವನ್ನೂ ದಿನವನ್ನೂ ಹೇಳುವ ಒಂದು ಚಿತ್ರ, ಅದನ್ನು ಬರೆದ ಕೈ ಹದಿಮೂರು ವರ್ಷದ್ದೇ ಆಗಿದ್ದರೂ, ಚರಿತ್ರೆಗೆ ಆಧಾರವಾಗಬಲ್ಲುದೆಂದು ನಾವು ನಂಬಿದ್ದೇವೆ. ಹಾಗೆ ಆಗಬೇಕಾದರೆ ಪ್ರವಾಸವನ್ನು ಯಾವ ರೀತಿಯಲ್ಲಿ ನಡೆಸಬೇಕು, ಹಾಳೆಯನ್ನು ಯಾವ ರೀತಿಯಲ್ಲಿ ಕಾಪಾಡಬೇಕು ಎಂಬುದನ್ನು ಕೆಂಗೇರಿಯ ಸುತ್ತಮುತ್ತಲಿನ ಉದಾಹರಣೆಗಳಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ನಂಬಿಕೆಗೆ ಬಲವಾದ ಪೂರ್ವನಿದರ್ಶನ ಅಜಂತೆಯಲ್ಲಿದೆ. ಅಲ್ಲಿನ ಗುಹಾಚಿತ್ರಗಳನ್ನು ಪ್ರತಿ ಮಾಡಲು ಈಸ್ಟ್ ಇಂಡಿಯಾ ಕಂಪೆನಿಯು ೧೮೪೪ರಲ್ಲಿ ಮದರಾಸು ಸೈನ್ಯದ ರಾಬರ್ಟ್ ಗಿಲ್ ಎಂಬ ಅಧಿಕಾರಿಯನ್ನು ನೇಮಿಸಿತು. ಅವನು ವರ್ಷಗಟ್ಟಲೆ ಅಲ್ಲಿಯೇ ನಿಂತು ಬರೆದ ದೊಡ್ಡ ಪಟಗಳಲ್ಲಿ ಬಹುಪಾಲು ೧೮೬೬ರಲ್ಲಿ ಲಂಡನ್ನಿನ ಬಳಿಯ ಸಿಡನ್‌ಹ್ಯಾಮಿನ ಸ್ಫಟಿಕ ಸೌಧದಲ್ಲಿ ಬೆಂಕಿಗೆ ಆಹುತಿಯಾದುವು. ಬಳಿಕ ಮುಂಬಯಿಯ ಜೆ. ಜೆ. ಕಲಾಶಾಲೆಯ ಜಾನ್ ಗ್ರಿಫಿತ್ಸ್ ೧೮೭೨ರಿಂದ ೧೮೮೫ರವರೆಗೆ ತನ್ನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಆ ಗುಹೆಗಳಿಗೆ ಹೋಗಿ ಕೆಲಸವನ್ನು ಮತ್ತೆ ಮೊದಲಿನಿಂದ ನಡೆಸಿದನು. ಇದನ್ನು ಶಾಲಾಪ್ರವಾಸವೆಂದು ಕರೆದರೆ ತಪ್ಪಾಗಲಾರದು. ಪೆಸ್ತನ್‌ಜಿ ಬೊಮ್ಮನ್‌ಜಿಯಂತಹ ಚಿತ್ರಕಾರರು ಅಲ್ಲಿ ವಿದ್ಯಾರ್ಥಿಗಳಾಗಿ ದುಡಿದವರು. ಆ ಪ್ರತಿಗಳಲ್ಲಿಯೂ ನೂರಕ್ಕೂ ಮಿಕ್ಕು ೧೮೮೫ರಲ್ಲಿ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯದ ಬೆಂಕಿಯಲ್ಲಿ ನಷ್ಟವಾದುವು. ಉಳಿದವು ಇಂದಿಗೂ ಅಲ್ಲಿವೆ. ಗೋಡೆಯ ಮೇಲಿನ ಮೂಲಚಿತ್ರಗಳು ಅಂದಿನಿಂದ ಇಂದಿನವರೆಗೆ ಎಷ್ಟೋ ಕಡೆ ಉದುರಿವೆ, ಮಾಸಿವೆ. ಅಂತಹ ಕಡೆಗಳಲ್ಲಿ ಪೂರ್ವದ ಸ್ಥಿತಿ ಹೇಗಿತ್ತೆಂದು ತಿಳಿಯಲು ವಿದ್ವಾಂಸರು ಆ ವಿದ್ಯಾರ್ಥಿಗಳ ಪಟಗಳನ್ನೇ ನೋಡಬೇಕಾಗಿದೆ.

ಕನ್ನಡ ನಾಡಿಗೂ ಈ ಕಥೆಯಲ್ಲಿ ಒಂದು ಭಾಗವುಂಟು. ೧೯೦೯ರಿಂದ ೧೯೧೧ರವರೆಗಿನ ಚಳಿಗಾಲಗಳಲ್ಲಿ ಶ್ರೀಮತಿ ಹೆರಿಂಗ್‌ಹ್ಯಾಮ್ ಅಜಂತೆಯ ಚಿತ್ರಗಳನ್ನು ಪುನಃ ಪ್ರತಿ ಮಾಡಿಸಿದಾಗ ಕಲ್ಕತ್ತೆಯಿಂದ ಬಂದ ಅವನೀಂದ್ರನಾಥ ಠಾಕೂರರ ಶಿಷ್ಯರಲ್ಲಿ ನಂದಲಾಲ ಬಸು, ಅಸಿತಕುಮಾರ ಹಾಲ್ದಾರ್, ಸಮರೇಂದ್ರನಾಥ ಗುಪ್ತ ಇವರೊಡನೆ ನಮ್ಮ ಕೆ. ವೆಂಕಟಪ್ಪನವರೂ ಇದ್ದರು. ಮೈಸೂರಿನ ಶಾಲೆಯಲ್ಲಿ ಕಲಿತು ಕಲ್ಕತ್ತೆಗೆ ಹೋಗಿದ್ದ ಅವರಿಗೆ ಆಗ ಇಪ್ಪತ್ತೈದರ ಆಸುಪಾಸಿನ ವಯಸ್ಸು. ಆ ತಂಡದ ಪ್ರತಿಗಳು ೧೯೧೫ರಲ್ಲಿ ಪುಸ್ತಕರೂಪದಲ್ಲಿ ಪ್ರಕಟವಾದುವು. ಮುಂದೆ ನಂದಲಾಲರು ಶಾಂತಿನಿಕೇತನದ ಕಲಾಭವನದಲ್ಲಿ ಅಧ್ಯಾಪಕರಾದಾಗ ವಿದ್ಯಾರ್ಥಿಗಳ ಪ್ರವಾಸವನ್ನು ಪಾಠದ ಅಂಗವನ್ನಾಗಿಯೇ ಮಾಡಿದರು.

ಅಜಂತೆಯ ಮಾತು ಕೆಂಗೇರಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂದು ಕೇಳಬಹುದು. ಕೆಂಗೇರಿಯಲ್ಲಿ ಗುಹಾಚಿತ್ರಗಳಿಲ್ಲ, ನಿಜ. ಆದರೆ ಬದಲಾವಣೆಯ ವೇಗದಲ್ಲಿ ಅದು ಯಾವ ಊರಿಗೂ ಹಿಂದೆ ಬಿದ್ದಿಲ್ಲ. ೧೮೬೬ರಲ್ಲಿ ಡಿ ವೆಕ್ಕಿ ಎಂಬ ಇಟಲಿ ದೇಶದವನು ಇಲ್ಲಿ ಹಬೆಯ ಬಲದಿಂದ ರೇಷ್ಮೆನೂಲು ತೆಗೆಯುವ ಕಾರ್ಖಾನೆಯೊಂದನ್ನು ಸ್ಥಾಪಿಸಿದನು. ಬೆಂಗಳೂರಿನಿಂದ ಹೊರಟ ರೈಲುಮಾರ್ಗ ಕೆಂಗೇರಿಯನ್ನು ಹಾದು ೧೮೮೨ರಲ್ಲಿ ಮೈಸೂರನ್ನು ಮುಟ್ಟಿತು. ಬಹುಕಾಲ ಪ್ರತ್ಯೇಕ ಪುರಸಭೆಯಾಗಿದ್ದ ಊರು ೨೦೦೭ರಲ್ಲಿ ಬೃಹತ್ ಬೆಂಗಳೂರಿನೊಳಗೆ ವಿಲೀನವಾಯಿತು. ೨೦೨೧ರ ಆಗಸ್ಟಿನಲ್ಲಿ ಮೆಟ್ರೋ ರೈಲು ಕೆಂಗೇರಿಗೆ ಬಂತು. ೨೦೨೩ರಲ್ಲಿ ಅದನ್ನೂ ದಾಟಿ ಚಲ್ಲಘಟ್ಟಕ್ಕೆ ಹೋಯಿತು. ಗ್ಯಾಸೆಟಿಯರು ರೇಷ್ಮೆಯ ಕಾರ್ಖಾನೆಯ ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳುತ್ತದೆ. ಆದರೆ ಒಲೆಯ ಮುಂದೆ ಕುಳಿತು ಗೂಡಿನಿಂದ ಎಳೆ ತೆಗೆಯುತ್ತಿದ್ದವರು ಹೇಗೆ ಕುಳಿತಿದ್ದರು, ಸೂರು ಎಷ್ಟು ಎತ್ತರವಿತ್ತು, ಬೆಳಕು ಎತ್ತಣಿಂದ ಬರುತ್ತಿತ್ತು ಎಂಬುದನ್ನು ಗ್ಯಾಸೆಟಿಯರಿನಿಂದ ತಿಳಿಯಲಾಗದು. ಒಬ್ಬ ಬಾಲಕ ಆ ದಿನ ಅಲ್ಲಿ ಕುಳಿತು ಒಂದು ಹಾಳೆ ಬರೆದಿದ್ದರೆ ಇಷ್ಟೂ ನಮಗೆ ದೊರಕುತ್ತಿತ್ತು. ಇಂದಿನ ವಿದ್ಯಾರ್ಥಿಗಳು ಊರಿನ ಹಳೆಯ ಬೀದಿಗಳಲ್ಲಿ ಉಳಿದಿರುವ ಹೆಂಚಿನ ಸೂರು, ಜಗಲಿ, ಬಾಗಿಲುವಾಡಗಳನ್ನೂ, ನಗರದ ಕೊಳಚೆಯನ್ನು ಹೊತ್ತು ಅರ್ಕಾವತಿಯತ್ತ ಸಾಗುವ ವೃಷಭಾವತಿಯ ದಡವನ್ನೂ ಬರೆದಿಟ್ಟರೆ, ಅವೇ ಹಾಳೆಗಳು ಐವತ್ತು ವರ್ಷಗಳ ಮೇಲೆ ಇದೇ ಕೊರತೆಯನ್ನು ತುಂಬುತ್ತವೆ. ನೊರೆಗಟ್ಟಿದ ನದಿ ಸುಂದರವಲ್ಲವೆಂದು ಅದನ್ನು ಬಿಟ್ಟು, ಎಂದೂ ಕಾಣದ ಹಿಮಪರ್ವತವನ್ನೂ ಅದರ ಬುಡದಲ್ಲೊಂದು ಗುಡಿಸಲನ್ನೂ ಬರೆಯಿಸುವ ಅಭ್ಯಾಸ ನಮ್ಮ ಶಾಲೆಗಳಿಂದ ಇನ್ನೂ ಪೂರ್ತಿಯಾಗಿ ತೊಲಗಿಲ್ಲ ಎಂಬುದನ್ನು ವಿಷಾದದಿಂದ ಹೇಳಬೇಕಾಗಿದೆ.

ಕೆಂಗೇರಿಯ ಶಾಲೆಗಳಿಗೆ ಅತ್ಯಂತ ಸಮೀಪವಾದ, ನಮ್ಮ ದೃಷ್ಟಿಯಲ್ಲಿ ಅತ್ಯಂತ ಫಲಪ್ರದವಾದ ಪ್ರವಾಸಸ್ಥಾನವೆಂದರೆ ರಾಮೋಹಳ್ಳಿಯ ಬಳಿ ಕೇತೋಹಳ್ಳಿಯಲ್ಲಿರುವ ದೊಡ್ಡ ಆಲದ ಮರ. ಇದು ಸುಮಾರು ಮೂರು ಎಕರೆ ನೆಲವನ್ನು ಆವರಿಸಿದೆ. ವಯಸ್ಸು ನಾಲ್ಕುನೂರು ವರ್ಷವೆಂದು ಹೇಳುವುದು ವಾಡಿಕೆ. ಇದರ ಮೂಲಕಾಂಡ ರೋಗಕ್ಕೆ ತುತ್ತಾಗಿ ಅಳಿದುಹೋಗಿದೆ. ಈಗ ಕಾಣುವುದೆಲ್ಲ ನೆಲಕ್ಕಿಳಿದು ಕಾಂಡಗಳಾದ ಬಿಳಲುಗಳ ಸಮೂಹ. ಆದುದರಿಂದ ಮೊದಲ ಸಲ ನೋಡುವವರಿಗೆ ಇದು ಒಂದೇ ಮರವೆಂದು ತೋರದೆ ತೋಪಿನಂತೆ ತೋರುತ್ತದೆ. ಈಚೆಗೆ ಮಳೆಗಾಳಿಗೆ ಸಿಕ್ಕಿ ಇದರ ಒಂದು ಭಾಗ ಉರುಳಿದ್ದೂ ಉಂಟು. ಇಲ್ಲಿಗೆ ಬಂದ ಶಾಲೆಯ ಮಕ್ಕಳಿಗೆ ಸಾಮಾನ್ಯವಾಗಿ ಒಂದು ಮೂಲೆಯಲ್ಲಿ ಕುಳಿತು ‘ಮರದ ಚಿತ್ರ’ ಬರೆಯಲು ಹೇಳುತ್ತಾರೆ. ಅರುವತ್ತು ಮಕ್ಕಳೂ ಹೆಚ್ಚುಕಡಮೆ ಒಂದೇ ಚಿತ್ರವನ್ನು ಬರೆದು ತರುತ್ತಾರೆ.

ಇದರ ಬದಲು ನಾವು ಸೂಚಿಸುವ ಪ್ರಾಜೆಕ್ಟು ಹೀಗಿದೆ. ಮೂರು ಎಕರೆ ಎಂದರೆ ಹನ್ನೆರಡು ಸಾವಿರ ಚದರ ಮೀಟರಿಗಿಂತ ತುಸು ಹೆಚ್ಚು. ಸಂಬಂಧಪಟ್ಟವರ ಅನುಮತಿ ಪಡೆದು, ಬೇರುಗಳಿಗೆ ಪೆಟ್ಟಾಗದಂತೆ ಹಗ್ಗ ಹಿಡಿದು, ಇಪ್ಪತ್ತು ಮೀಟರು ಉದ್ದ ಇಪ್ಪತ್ತು ಮೀಟರು ಅಗಲದ ಚೌಕಗಳನ್ನು ಗುರುತಿಸಿದರೆ ಸುಮಾರು ಮೂವತ್ತು ಚೌಕಗಳಾಗುತ್ತವೆ. ಇಬ್ಬಿಬ್ಬರು ವಿದ್ಯಾರ್ಥಿಗಳಿಗೆ ಒಂದೊಂದು ಚೌಕದಂತೆ ಅರುವತ್ತು ಮಂದಿಯ ತರಗತಿಗೆ ಇದು ಸರಿಹೊಂದುತ್ತದೆ. ಪ್ರತಿ ಜೋಡಿಯೂ ತನ್ನ ಚೌಕದೊಳಗೆ ಎಷ್ಟು ಬಿಳಲುಗಳು ನೆಲ ಹಿಡಿದಿವೆ, ಎಷ್ಟು ಇನ್ನೂ ತೂಗಾಡುತ್ತಿವೆ, ನೆಲ ಹಿಡಿದವುಗಳ ಸುತ್ತಳತೆ ಎದೆಯ ಮಟ್ಟದಲ್ಲಿ ಎಷ್ಟು ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಬಳಿಕ ಒಂದು ಬಿಳಲನ್ನು ಮಾತ್ರ ಆರಿಸಿಕೊಂಡು ಅದರ ತೊಗಟೆ, ತಿರುವು, ಕೊಂಬೆಗೆ ಸೇರುವ ಸಂದುಗಳನ್ನು ನಿಧಾನವಾಗಿ ಬರೆಯಬೇಕು. ಶಾಲೆಗೆ ಮರಳಿದ ಮೇಲೆ ಮೂವತ್ತು ಹಾಳೆಗಳನ್ನು ಒಂದೇ ಪ್ರಮಾಣದಲ್ಲಿ ಜೋಡಿಸಿದರೆ, ಯಾವ ಒಬ್ಬ ಮನುಷ್ಯನ ಕಣ್ಣಿಗೂ ಒಮ್ಮೆಗೇ ಕಾಣದ ಆ ಮರದ ನಕ್ಷೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ಮೂಲಕಾಂಡವಿದ್ದ ಜಾಗ ನಕ್ಷೆಯಲ್ಲಿ ಎಲ್ಲಿ ಬರುತ್ತದೆಂಬುದನ್ನು ಸ್ಥಳದ ಹಿರಿಯರನ್ನು ಕೇಳಿ ಗುರುತಿಸಬಹುದು. ಐದು ಅಥವಾ ಹತ್ತು ವರ್ಷಗಳ ಮೇಲೆ ಅದೇ ಚೌಕಗಳನ್ನು ಮತ್ತೊಂದು ತರಗತಿ ಬರೆದರೆ ಮರ ಎತ್ತ ಸರಿಯುತ್ತಿದೆ, ಎಲ್ಲಿ ಕ್ಷೀಣಿಸುತ್ತಿದೆ ಎಂಬುದು ಹಾಳೆಗಳ ಹೋಲಿಕೆಯಿಂದಲೇ ತಿಳಿಯುತ್ತದೆ. ಚಿತ್ರ, ಗಣಿತ, ಸಸ್ಯಶಾಸ್ತ್ರ, ಚರಿತ್ರೆ ಈ ನಾಲ್ಕೂ ಇಲ್ಲಿ ಒಂದೇ ಕೆಲಸದಲ್ಲಿ ಕೂಡುತ್ತವೆ. ಖರ್ಚು ಒಂದು ದಿನದ ಬಸ್ಸಿನದು.

ಎರಡನೆಯ ಬಗೆಯ ಪ್ರವಾಸಕ್ಕೆ ರೈಲುಮಾರ್ಗವೇ ದಾರಿ ತೋರಿಸುತ್ತದೆ. ಕೆಂಗೇರಿಯಲ್ಲಿ ರೈಲು ಹತ್ತಿದವರಿಗೆ ರಾಮನಗರ, ಚನ್ನಪಟ್ಟಣ, ಶ್ರೀರಂಗಪಟ್ಟಣ, ಮೈಸೂರು ಒಂದೇ ದಾರದಲ್ಲಿ ಪೋಣಿಸಿದಂತೆ ಸಿಗುತ್ತವೆ. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ, ೧೯೯೪ರಲ್ಲಿ ಆರಂಭವಾದ ಜಾನಪದ ಲೋಕವಿದೆ. ಅಲ್ಲಿನ ತೊಗಲುಗೊಂಬೆಗಳನ್ನು ನೋಡಿದ ವಿದ್ಯಾರ್ಥಿಗಳು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ. ಎಸ್. ನಂಜುಂಡರಾಯರ ಪರಿಶ್ರಮದಿಂದ ಕೂಡಿದ ಗೊಂಬೆಗಳನ್ನೂ ನೋಡಿ ಹೋಲಿಸುವುದು ಒಳ್ಳೆಯದು. ಕಲಾಸಂಸ್ಥೆಯೊಂದು ತನ್ನ ಗೋಡೆಗಳ ಹೊರಗೆ ನಡೆದು ಹಳ್ಳಿಯ ಕಲೆಯನ್ನು ಸಂಗ್ರಹಿಸಿದುದಕ್ಕೆ ಅದು ಮೇಲಾದ ಉದಾಹರಣೆ.

ಚನ್ನಪಟ್ಟಣದಲ್ಲಿ ಸಿದ್ಧವಾದ ಗೊಂಬೆಯನ್ನು ಬರೆಯುವುದಕ್ಕಿಂತ ಗೊಂಬೆಯಾಗುವ ಕ್ರಮವನ್ನು ಬರೆಯುವುದು ಮುಖ್ಯ. ಹಾಲೆ ಮರದ ತುಂಡನ್ನು ಒಣಗಿಸಿ ಚರಕಿಗೆ ಸಿಕ್ಕಿಸುತ್ತಾರೆ. ತಿರುಗುತ್ತಿರುವ ಮರಕ್ಕೆ ಉಳಿ ಹಿಡಿದು ರೂಪ ಕೊಡುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿದಾಗ ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಕೊನೆಗೆ ಗರಿಯಿಂದ ತೀಡಿ ಹೊಳಪು ಕೊಡುತ್ತಾರೆ. ಈ ನಾಲ್ಕು ಹಂತಗಳಿಗೆ ನಾಲ್ಕು ಹಾಳೆ ಬೇಕು. ಪ್ರತಿ ಹಾಳೆಯಲ್ಲಿಯೂ ಕುಶಲಕರ್ಮಿಯ ಎರಡು ಕೈಗಳೂ ಸ್ಪಷ್ಟವಾಗಿ ಕಾಣಬೇಕು. ಏಕೆಂದರೆ ಗೊಂಬೆ ಅಂಗಡಿಯಲ್ಲಿ ಎಂದಿಗೂ ದೊರೆಯಬಹುದು, ಉಳಿಯನ್ನು ಹಿಡಿಯುವ ರೀತಿ ಮಾತ್ರ ಆ ಕೈಗಳೊಡನೆ ಹೋಗಿಬಿಡುತ್ತದೆ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಬೇರೆಯೇ ಪಾಠವನ್ನು ಕಲಿಸುತ್ತದೆ. ೧೭೮೪ರಲ್ಲಿ ಕಟ್ಟಿದ ಈ ಮರದ ಅರಮನೆಯ ಪಶ್ಚಿಮದ ಗೋಡೆಯ ಮೇಲೆ, ೧೭೮೦ರಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಯ್ಲಿಯ ಸೈನ್ಯವನ್ನು ಮುರಿದ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಮದ್ದಿನ ಗಾಡಿ ಸಿಡಿಯುವುದನ್ನೂ ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿಯನ್ನೂ ವಿದ್ಯಾರ್ಥಿಗಳು ಉತ್ಸಾಹದಿಂದ ಬರೆದುಕೊಳ್ಳುತ್ತಾರೆ. ಆದರೆ ಅವರು ಕಾಣುತ್ತಿರುವುದು ಪೂರ್ತಿಯಾಗಿ ಟಿಪ್ಪುವಿನ ಕಾಲದ ಕುಂಚವಲ್ಲ. ಗ್ಯಾಸೆಟಿಯರು ಹೇಳುವ ಪ್ರಕಾರ, ಕೊನೆಯ ಮುತ್ತಿಗೆಗೆ ಮುಂಚೆ ಅಳಿಸಲ್ಪಟ್ಟಿದ್ದ ಚಿತ್ರಗಳನ್ನು ಅಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿ ಮತ್ತೆ ಬರೆಯಿಸಿದನು. ಅವು ಮಾಸಿ, ಕೆಲವು ಕಡೆ ಸುಣ್ಣದಿಂದ ಮುಚ್ಚಿಹೋದ ಮೇಲೆ, ಮೊದಲಿನ ರೂಪವನ್ನು ನೆನಪಿನಲ್ಲಿಟ್ಟುಕೊಂಡಿದ್ದ ಒಬ್ಬ ಚಿತ್ರಗಾರನಿಂದ ಲಾರ್ಡ್ ಡಾಲ್‌ಹೌಸಿ ಅವುಗಳನ್ನು ಮತ್ತೊಮ್ಮೆ ಬರೆಯಿಸಿದನು. ಹೀಗೆ ಒಬ್ಬ ಮನುಷ್ಯನ ನೆನಪಿನ ಮೇಲೆ ಗೋಡೆಯಷ್ಟು ಚರಿತ್ರೆ ನಿಂತಿದೆ. ವೆಲ್ಲೆಸ್ಲಿಯ ಕಾಲದಲ್ಲಿ ಅಳತೆಯಿಂದ ಬರೆದ ಒಂದು ಪ್ರತಿ ಆ ಚಿತ್ರಗಾರನ ಕೈಯಲ್ಲಿದ್ದಿದ್ದರೆ ನೆನಪನ್ನು ಇಷ್ಟು ನೆಚ್ಚಬೇಕಾಗಿರಲಿಲ್ಲ. ಪ್ರವಾಸಕ್ಕೆ ಮುಂಚೆಯೇ ಈ ವೃತ್ತಾಂತವನ್ನು ತಿಳಿಸಿದರೆ ವಿದ್ಯಾರ್ಥಿಗಳು ಗೋಡೆಯನ್ನು ಇನ್ನೊಂದು ಕಣ್ಣಿನಿಂದ ನೋಡುವರು.

ಕೈಯಲ್ಲಿ ಮೊಬೈಲ್ ಇರುವಾಗ ಬರೆಯುವ ಶ್ರಮವೇಕೆ ಎಂಬ ಆಕ್ಷೇಪಣೆ ಇದ್ದೇ ಇದೆ. ಛಾಯಾಚಿತ್ರವನ್ನು ನಾವು ನಿರಾಕರಿಸುವುದಿಲ್ಲ. ಹಾಳೆಯ ಜೊತೆಗೆ ಅದೂ ಇರಲಿ. ಆದರೆ ಛಾಯಾಚಿತ್ರ ಕ್ಷಣದಲ್ಲಿ ಎಲ್ಲವನ್ನೂ ತೆಗೆದುಕೊಳ್ಳುತ್ತದೆ, ತೆಗೆದವನು ಏನನ್ನೂ ನೋಡದೆ ಇರಬಹುದು. ಒಂದು ಬಿಳಲನ್ನು ಒಂದು ಗಂಟೆ ಬರೆದ ಬಾಲಕಿಗೆ ಅದು ಕೊಂಬೆಯನ್ನು ಎಲ್ಲಿ ಸೇರುತ್ತದೆಂದು ಕೇಳಿದರೆ ಉತ್ತರ ದೊರೆಯುತ್ತದೆ. ಅಂಗಡಿಯಲ್ಲಿ ಮಾರುವ ಅಚ್ಚಿನ ಚಿತ್ರಗಳನ್ನು ಕತ್ತರಿಸಿ ಅಂಟಿಸಿದ, ಅಥವಾ ತಂದೆತಾಯಂದಿರು ರಾತ್ರಿ ಕುಳಿತು ಮಾಡಿಕೊಟ್ಟ ಪ್ರಾಜೆಕ್ಟುಗಳ ವಿಷಯದಲ್ಲಿ ಹೇಳುವುದು ಏನೂ ಇಲ್ಲ.

ಅಧ್ಯಾಪಕರ ಕಷ್ಟಗಳನ್ನು ನಾವು ಅರಿಯದವರಲ್ಲ. ಎಷ್ಟೋ ಶಾಲೆಗಳಲ್ಲಿ ಚಿತ್ರಕಲೆಗೆ ಇರುವವರು ಒಬ್ಬರೇ. ಅವರ ಪೀರಿಯಡ್ಡನ್ನು ಪರೀಕ್ಷೆ ಸಮೀಪಿಸಿದಾಗ ಗಣಿತದವರು ಪಡೆದುಕೊಳ್ಳುವುದೂ ಉಂಟು. ಲೋಯರ್, ಹೈಯರ್ ಎಂಬ ಚಿತ್ರಕಲಾ ಗ್ರೇಡ್ ಪರೀಕ್ಷೆಗಳಿಗೆ ಮಕ್ಕಳನ್ನು ಸಿದ್ಧಪಡಿಸುವ ಹೊಣೆಯೂ ಅವರದೇ. ಆದರೆ ಮೇಲೆ ಹೇಳಿದ ಕೆಲಸ ಆ ಪರೀಕ್ಷೆಗೆ ವಿರುದ್ಧವಲ್ಲ. ಎದುರಿಗಿಟ್ಟ ವಸ್ತುವನ್ನು ನೋಡಿ ಬರೆಯುವುದು ಅಲ್ಲಿಯೂ ಒಂದು ವಿಷಯವಾಗಿರುವುದರಿಂದ, ಬಿಂದಿಗೆ ಬಟ್ಟಲುಗಳ ಬದಲು ಚರಕಿಯನ್ನು ಬರೆದವನಿಗೆ ನಷ್ಟವೇನೂ ಆಗದು.

ಇನ್ನು ಹಾಳೆಯ ವಿಚಾರ. ಪ್ರತಿ ಹಾಳೆಯ ಹಿಂಬದಿಯಲ್ಲಿ ಸ್ಥಳ, ದಿನಾಂಕ, ಹೊತ್ತು, ಬರೆದವರು ಯಾವ ದಿಕ್ಕಿಗೆ ಮುಖ ಮಾಡಿ ಕುಳಿತಿದ್ದರು, ಗೊತ್ತಿರುವ ಒಂದು ಅಳತೆ ಇವು ಇರಬೇಕು. ಕಣ್ಣಾರೆ ಕಂಡುದನ್ನೂ ಇತರರು ಹೇಳಿದುದನ್ನೂ ಬೇರೆಬೇರೆಯಾಗಿ ಬರೆಯಬೇಕು. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಾಲಯವನ್ನು ೧೪೨೫ರಲ್ಲಿ ವ್ಯಾಸರಾಯರು ಸ್ಥಾಪಿಸಿದರೆಂದು ಹೇಳುವುದುಂಟು. ವ್ಯಾಸರಾಯರು ಹುಟ್ಟಿದುದೇ ಆ ವರ್ಷ ಕಳೆದು ಎಷ್ಟೋ ಕಾಲದ ಮೇಲೆ. ವಿದ್ಯಾರ್ಥಿಯು ‘ಹೀಗೆ ಹೇಳುತ್ತಾರೆ’ ಎಂದು ಬರೆದಿದ್ದರೆ ಹಾಳೆ ಸತ್ಯವಾಗಿಯೇ ಉಳಿಯುತ್ತದೆ. ಹಾಳೆಗಳಿಗೆ ಕ್ರಮಸಂಖ್ಯೆ ಕೊಟ್ಟು ಒಂದು ರಿಜಿಸ್ಟರಿನಲ್ಲಿ ನಮೂದಿಸಿ, ಸುರುಳಿ ಸುತ್ತದೆ, ರಟ್ಟಿನ ನಡುವೆ ಚಪ್ಪಟೆಯಾಗಿ, ಗೋಡೆಗೆ ತಾಗದ ಬೀರುವಿನಲ್ಲಿಡಬೇಕು. ಒಂದು ಪ್ರತಿಯನ್ನು ಬೇರೊಂದು ಕಟ್ಟಡದಲ್ಲಿಡುವುದು ಲೇಸು. ಗಿಲ್‌ನ ಪಟಗಳೂ ಗ್ರಿಫಿತ್ಸನ ಪಟಗಳೂ ಬಹುಮಟ್ಟಿಗೆ ಒಂದೊಂದೇ ಕಟ್ಟಡದಲ್ಲಿದ್ದು, ಬೇರೆಬೇರೆ ಬೆಂಕಿಗಳಲ್ಲಿ ಉರಿದುಹೋದುವು. ಸ್ಕೆಚ್ ಪೆನ್ನಿನ ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ, ತೇವ ತಗಲಿದರೆ ಹರಡುತ್ತದೆ. ಪೆನ್ಸಿಲಿನ ಸೀಸಕ್ಕೆ ಈ ಎರಡು ದೋಷಗಳೂ ಇಲ್ಲ. ಆದುದರಿಂದ ಹಿಂಬದಿಯ ಬರಹವನ್ನಾದರೂ ಪೆನ್ಸಿಲಿನಲ್ಲಿಯೇ ಬರೆಯಿಸಬೇಕು.