ನೋಟವುಂಟು, ಮನ್ನಣೆಯೆಲ್ಲಿ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹೆಣ್ಣುಮಕ್ಕಳು ಇಂದು ಮೊಬೈಲಿನೆದುರು ನಿಂತು ತಮ್ಮ ಹಾಡು, ಹಾಸ್ಯ, ಅಡಿಗೆಗಳನ್ನು ಲೋಕಕ್ಕೆ ತೋರಿಸುತ್ತಿರುವರು. ರೊಟ್ಟಿ ಬಡಿಯುವ ಸಪ್ಪಳವೂ ನಮ್ಮ ಗಂಡುಗನ್ನಡವೂ ಯೂಟ್ಯೂಬಿನಲ್ಲಿ ಕೇಳಿಬರುವದು ಸಂತೋಷದ ಸಂಗತಿಯೇ ಸರಿ. ಆದರೆ ಇಂಥ ಚಿತ್ರಗಳ ಕೆಳಗೆ ನೋಡುಗರು ಬರೆಯುವ ಮಾತುಗಳನ್ನೋದಿದರೆ ತಲೆ ತಗ್ಗಿಸಬೇಕಾಗುವದು. ಗಂಡಸು ವಿನೋದ ಮಾಡಿದರೆ ಚಪ್ಪಾಳೆ. ಹೆಂಗಸು ಅದನ್ನೇ ಮಾಡಿದರೆ ಅವಳ ಮೈಬಣ್ಣ, ಜಾತಿ, ನಡತೆಗಳ ವಿಚಾರಣೆ!

ಈ ರೋಗ ಹೊಸದಲ್ಲ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರು ತಮ್ಮ ಹೆಸರಿನೊಡನೆ ನಾಡಿನ ಹೆಸರನ್ನೂ ಹೊತ್ತು ಮುಂಬಯಿ ಚಿತ್ರರಂಗದಲ್ಲಿ ಬೆಳಗಿದರು. 1943ರ ‘ಕಿಸ್ಮತ್’ ಚಿತ್ರದ ನಾಯಕಿಗೆ ಕಂಠ ಕೊಟ್ಟವರು ಅವರೇ. ಅವರ ಸೋದರಿ ಗೋಹರಬಾಯಿಯವರು ಬಾಲಗಂಧರ್ವರ ನಾಟಕ ಮಂಡಳಿಯನ್ನು ಸೇರಿದರು. ಸ್ತ್ರೀವೇಷದ ಗಂಧರ್ವರನ್ನು ತಲೆಯ ಮೇಲೆ ಹೊತ್ತ ಮರಾಠಿ ರಸಿಕರಲ್ಲಿ ಅನೇಕರು, ಅದೇ ರಂಗದ ಮೇಲೆ ನಿಜವಾದ ಹೆಣ್ಣು, ಅದರಲ್ಲಿಯೂ ಮುಸಲ್ಮಾನ ಹೆಣ್ಣು, ನಿಂತಾಗ ಮೋರೆ ತಿರುವಿದರು. ಗಂಧರ್ವರ ಕಷ್ಟಗಳಿಗೆ ಆಕೆಯೇ ಕಾರಣವೆಂದು ದೂರಿದರು.

ಇದಕ್ಕಾಗಿ ಮರಾಠಿಗರನ್ನು ಹಳಿಯುವ ಹಕ್ಕು ನಮಗಿಲ್ಲ. ಹಾಡು-ಕುಣಿತಗಳನ್ನು ಕೆಲವು ಜಾತಿಗಳ ಹೆಣ್ಣುಮಕ್ಕಳ ಕೊರಳಿಗೆ ಕಟ್ಟಿ, ಆ ಕಾರಣಕ್ಕಾಗಿಯೇ ಅವರನ್ನು ಹೀನರೆಂದೆಣಿಸಿದ್ದು ನಮ್ಮ ಸಮಾಜವೂ ಅಹುದು. ಕರ್ನಾಟಕದ 1982ರ ಕಾಯಿದೆಯು ದೇವದಾಸಿಯರ ಸಮರ್ಪಣೆಯನ್ನು ನಿಷೇಧಿಸಿತು. ಆದರೆ ಹತ್ತು ಜನರೆದುರು ಹಾಡುವವಳು ಮಾನವಂತೆಯಲ್ಲವೆಂಬ ಎಣಿಕೆಯು ಜನರ ಮನಸ್ಸಿನಿಂದ ಹೋಗಲಿಲ್ಲ.

ದೂರದ ಅಮೇರಿಕೆಯಲ್ಲಿ ಇದೇ ಅನ್ಯಾಯವು ವರ್ಣದ ರೂಪ ತಾಳಿದೆ. ಜಲಾಯಾ ಹಾರ್ಮನ್ ಎಂಬ 14 ವರ್ಷದ ಕಪ್ಪುವರ್ಣದ ಬಾಲೆಯು 2019ರಲ್ಲಿ ರಚಿಸಿದ ಕುಣಿತವನ್ನು ಟಿಕ್‌ಟಾಕಿನಲ್ಲಿ ಕುಣಿದು ಹೆಸರು ಪಡೆದವರು ಬಿಳಿಯ ತರುಣಿಯರು. 2020ರ ಫೆಬ್ರುವರಿಯಲ್ಲಿ ಪತ್ರಿಕೆಯೊಂದು ನಿಜವನ್ನು ಬರೆದ ಮೇಲೆಯೇ ಲೋಕವು ಅವಳನ್ನು ಗುರುತಿಸಿತು. ಕುಣಿತವನ್ನು ಎಲ್ಲರೂ ಕಂಡರು. ಕುಣಿತದ ಒಡತಿಯನ್ನು ಕಾಣಲಿಲ್ಲ.

ಕಣ್ಣಿಗೆ ಬೀಳುವದೇ ಗೌರವವಲ್ಲವೆಂಬುದನ್ನು ನಾವು ತಿಳಿಯಬೇಕು. ಹೆಣ್ಣಿನ ಮಾನಕ್ಕೆ ಕುಂದು ತರುವ ಉದ್ದೇಶದಿಂದಾಡಿದ ಮಾತಿಗೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 79ನೆಯ ಕಲಮು ಮೂರು ವರ್ಷದವರೆಗಿನ ಸಜೆಯನ್ನು ವಿಧಿಸುತ್ತದೆ. ಆದರೆ ಪ್ರತಿಯೊಂದು ಕೆಟ್ಟ ಮಾತಿನ ಬೆನ್ನಿಗೂ ಪೋಲೀಸರು ಓಡಲಾರರು. ಒಳ್ಳೆಯದನ್ನು ಕಂಡಾಗ ರಚಿಸಿದವಳ ಹೆಸರು ಹೇಳಿ ಹೊಗಳುವದು, ಕೆಟ್ಟದ್ದನ್ನು ಬರೆದವನು ತಮ್ಮ ಗೆಳೆಯನೇ ಆದರೂ ಅವನನ್ನು ತಡೆಯುವದು, ಇವೆರಡೂ ನಮ್ಮ ತರುಣರ ಕೈಯೊಳಗಿನ ಕೆಲಸಗಳು. ಅಮೀರಬಾಯಿಯವರು ಕರ್ನಾಟಕದ ಹೆಸರನ್ನು ಹೊತ್ತು ಮೆರೆಯಿಸಿದರು. ಅವರ ನೆಲದ ಇಂದಿನ ಹೆಣ್ಣುಮಕ್ಕಳ ಹೆಸರನ್ನು ಮರ್ಯಾದೆಯಿಂದ ಉಚ್ಚರಿಸುವಷ್ಟಾದರೂ ಋಣ ನಮ್ಮ ಮೇಲಿಲ್ಲವೇ?