ಅಪ್ಪನ ಬೆಲ್ಟೂ ಬಸ್ ಸ್ಟಾಪಿನ ಗುರುವೂ

ನಾನು ಮಾಡಿಕೊಟ್ಟ ಮೊದಲ ಬೆಲ್ಟನ್ನು ಅಪ್ಪ ಹಾಕಿದ್ದು ಎರಡೇ ದಿನ. ಮೂರನೇ ದಿನ ಅದು ಬಾಗಿಲ ಹಿಂದಿನ ಮೊಳೆಗೆ ಹೋಯ್ತು, ಹಳೇ ರೆಕ್ಸಿನ್ ಬೆಲ್ಟ್ ಮತ್ತೆ ಸೊಂಟಕ್ಕೆ ಬಂತು. ಕೇಳಿದ್ರೆ, "ಚೆನ್ನಾಗೇ ಇದೆ ಕಣೋ, ಕೂತ್ಕೊಂಡ್ರೆ ಬಕಲ್ ಹೊಟ್ಟೆಗೆ ಒತ್ತುತ್ತೆ ಅಷ್ಟೆ" ಅಂದ್ರು.

ತಪ್ಪು ನನ್ನದೇ. ನಾನು ತಂದಿದ್ದು 4 ಮಿ.ಮೀ. ದಪ್ಪದ ಚರ್ಮ. ಬಕಲ್ ಸಿಕ್ಕಿಸುವ ಕಡೆ ಅದನ್ನು ಮಡಚಿ ಹೊಲಿದರೆ 8 ಮಿ.ಮೀ. ಗಂಟು. ಮಡಿಸುವಷ್ಟು ಜಾಗವನ್ನು ಮೊದಲೇ ಅರ್ಧ ದಪ್ಪಕ್ಕೆ ಇಳಿಸಿದ್ದರೆ ಎರಡು ಪದರ ಸೇರಿಯೂ 4 ಮಿ.ಮೀ. ಆಗುತ್ತಿತ್ತು.

ಆಫೀಸಿನ ಕೋಡ್ ಬಿಟ್ಟು ಕೈಯಲ್ಲಿ ಏನಾದ್ರೂ ಮಾಡಬೇಕು ಅಂತ ಹಿಡಿದ ಹುಚ್ಚಿದು. ಹಾಗಾಗಿ ಉಪಕರಣ ಕೊಳ್ಳೋಕೆ ನೆಪ ಸಿಕ್ಕಿತು. ಕೈಯಲ್ಲಿ ಎಳೆಯುವ ಲೆದರ್ ಸ್ಪ್ಲಿಟರ್ ನೋಡೋಕೆ ಸಾದಾ ವಸ್ತು. ಒಂದು ಕಬ್ಬಿಣದ ಚೌಕಟ್ಟು, ಅದರಲ್ಲಿ ಅಲುಗಾಡದ ಹಾಗೆ ಕೂರಿಸಿದ ಅಗಲ ಬ್ಲೇಡು, ಎದುರಿಗೆ ಒಂದು ರೋಲರ್. ಹಿಡಿ ತಿರುಗಿಸಿದರೆ ಎರಡರ ನಡುವಿನ ಸಂದು ಕಿರಿದಾಗುತ್ತದೆ. ಆ ಸಂದಿಯಲ್ಲಿ ಚರ್ಮ ತೂರಿಸಿ ನಮ್ಮ ಕಡೆಗೆ ಎಳೆದರೆ ಸಂದಿನಷ್ಟು ದಪ್ಪ ಉಳಿಯುತ್ತದೆ, ಮಿಕ್ಕಿದ್ದು ಸಿಪ್ಪೆಯ ಹಾಗೆ ಸುಲಿದು ಬೀಳುತ್ತದೆ. ನುಣುಪಾದ ಮೇಲ್ಮೈ ರೋಲರ್ ಕಡೆಗಿರಬೇಕು, ಒಳಗಿನ ಒರಟು ಮಾಂಸದ ಬದಿ ಬ್ಲೇಡಿನ ಕಡೆಗೆ. ಚರ್ಮದ ನಾರುಗಳು ಬಿಗಿಯಾಗಿ ಹೆಣೆದುಕೊಂಡಿರೋದು ಮೇಲ್ಭಾಗದಲ್ಲೇ, ಒಳಬದಿಯವು ಸಡಿಲ. ಮೇಲ್ಮೈಯನ್ನೇ ಕುಯ್ದು ಎಸೆದರೆ ನೋಟವೂ ಹೋಯ್ತು, ಬಲವೂ ಹೋಯ್ತು.

ಇದಿಷ್ಟು ಓದಿಕೊಂಡು, ಸಂದನ್ನು ಸೀದಾ 2 ಮಿ.ಮೀ.ಗೆ ಇಟ್ಟು ಎಳೆದೆ. ಅರ್ಧಕ್ಕೆ ಸಿಕ್ಕಿಕೊಂಡಿತು. ಕಾಲು ಕೊಟ್ಟು ಜಗ್ಗಿದೆ. ಚರ್ಮ ಹರಿದು ನಾನು ಬಾಲ್ಕನಿಯಲ್ಲಿ ಅಂಗಾತ. ಅಮ್ಮ ಒಳಗಿನಿಂದಲೇ, "ಇಂಜಿನಿಯರಿಂಗ್ ಓದಿ ಮನೇಲಿ ಚರ್ಮ ಕುಯ್ಯೋ ಕೆಲಸ ಯಾಕೋ ನಿಂಗೆ" ಅಂದ್ರು. ಆ ಮಾತು ಬಿದ್ದ ಪೆಟ್ಟಿಗಿಂತ ಹೆಚ್ಚು ಚುಚ್ಚಿತು. ಅದರಲ್ಲಿ ಏನೇನು ಅಡಗಿದೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ಮಾರನೇ ದಿನ ಹರಿದ ಪಟ್ಟಿಯನ್ನೂ ಬ್ಲೇಡನ್ನೂ ಪೇಪರಲ್ಲಿ ಸುತ್ತಿಕೊಂಡು, ನಮ್ಮ ಬಸ್ ಸ್ಟಾಪಿನ ಪಕ್ಕ ಕೊಡೆಯಡಿ ಕೂತು ಚಪ್ಪಲಿ ಹೊಲಿಯುವ ಅಣ್ಣನ ಹತ್ತಿರ ಹೋದೆ. ಅವರು ಪಟ್ಟಿಯನ್ನು ನೋಡಲೇ ಇಲ್ಲ. ಬ್ಲೇಡಿನ ಅಂಚನ್ನು ಹೆಬ್ಬೆರಳ ಉಗುರಿಗೆ ತಾಗಿಸಿ, "ಸಾರ್, ಇದು ಕುಯ್ಯಲ್ಲ, ಹರಿಯುತ್ತೆ" ಅಂದ್ರು. ಹೊಸದು ಅಂದ್ರೆ ಚೂಪು ಅಂತ ನಾನು ನಂಬಿದ್ದೆ! ತಮ್ಮ ರಂಪಿಗೆ ತೆಗೆದು, ಒಂದು ಚೂರು ಚರ್ಮವನ್ನು ಕಲ್ಲಿನ ಮೇಲಿಟ್ಟು ನಾಲ್ಕೈದು ಸಲ ಉಜ್ಜಿದರು ನೋಡಿ, ಅಂಚು ಕಾಗದದಷ್ಟು ತೆಳ್ಳಗೆ. ಅಳತೆಪಟ್ಟಿ ಇಲ್ಲ, ರೋಲರ್ ಇಲ್ಲ.

"ಒಂದೇ ಸಲಕ್ಕೆ ಆಸೆ ಪಡಬೇಡಿ. ಸ್ವಲ್ಪ ಸ್ವಲ್ಪ ತೆಗೀರಿ."

ಆ ವಾರ ಪೂರ್ತಿ ಬ್ಲೇಡಿಗೇ ಹೋಯ್ತು. ನುಣುಪು ಸಾಣೆಕಲ್ಲಿನ ಮೇಲೆ ಉಜ್ಜಿ, ಆಮೇಲೆ ಮರದ ಹಲಗೆಗೆ ಅಂಟಿಸಿದ ಚರ್ಮಕ್ಕೆ ಹಸಿರು ಪಾಲಿಶ್ ಬಳಿದು ಅದರ ಮೇಲೆ ಅಂಚನ್ನು ಹಿಮ್ಮುಖವಾಗಿ ಎಳೆಯುತ್ತಾ ಕೂತೆ. ಮುಂಗೈ ರೋಮ ಬೋಳಿಸುವಷ್ಟು ಆಗಬೇಕು. ಈಗ ನಾಲ್ಕೈದು ಪಟ್ಟಿಗೊಮ್ಮೆ ಈ ಸೇವೆ ತಪ್ಪಿಸಲ್ಲ. ಸ್ಪ್ಲಿಟರನ್ನು ಮೇಜಿಗೆ ಬೋಲ್ಟ್ ಹಾಕಿ ಬಿಗಿದಿದ್ದೇನೆ. ಬೆಲ್ಟಿನ ಉದ್ದ ಭಾಗ ನನ್ನ ಕೈಯಲ್ಲಿ, ಬಕಲ್ ತುದಿ ಬ್ಲೇಡಿನ ಆಚೆ. ಒಂದು ಕೈಯಲ್ಲಿ ಎಳೆಯುತ್ತಾ ಇನ್ನೊಂದರಲ್ಲಿ ಹಿಡಿಯನ್ನು ನಿಧಾನಕ್ಕೆ ಬಿಗಿ ಮಾಡಿದರೆ ಮೆಟ್ಟಿಲಿಲ್ಲದ ಇಳಿಜಾರು ಬರುತ್ತದೆ. ಪ್ರತಿ ಸಲಕ್ಕೂ ಅರ್ಧ ಮಿ.ಮೀ.ಗಿಂತ ಹೆಚ್ಚು ತೆಗೆಯಲ್ಲ. ನಡುವೆ ನಿಂತರೆ ಅಲ್ಲೊಂದು ಗೆರೆ ಗ್ಯಾರಂಟಿ. ಇಡೀ ಪಟ್ಟಿಯನ್ನೇ ತೆಳುವಾಗಿಸಬೇಕಾದರೆ ಕೈಯಲ್ಲಿ ಹಿಡಿದ ತುದಿ ದಪ್ಪವಾಗೇ ಉಳಿಯುತ್ತದೆ, ಅದಕ್ಕೆ ನಾಲ್ಕಿಂಚು ಉದ್ದ ಜಾಸ್ತಿ ಕತ್ತರಿಸಿಕೊಳ್ಳಿ.

ಚರ್ಮವೂ ಮುಖ್ಯ. ಮರದ ತೊಗಟೆಯಲ್ಲಿ ಹದ ಮಾಡಿದ್ದು (ನಮ್ಮ ಕಡೆ ತಂಗಡಿ ಚಕ್ಕೆ ಬಳಸುತ್ತಿದ್ದರು) ಗಟ್ಟಿಯಾಗಿ ನಿಂತು ಕುಯ್ಸಿಕೊಳ್ಳುತ್ತದೆ. ಕ್ರೋಮ್‌ನಲ್ಲಿ ಹದ ಮಾಡಿದ ಮೆತ್ತನೆಯದು ರಬ್ಬರಿನ ಹಾಗೆ ಹಿಗ್ಗಿ ಸತಾಯಿಸುತ್ತದೆ. ಹೊಟ್ಟೆ ಭಾಗದ ಚರ್ಮವಂತೂ ಬೇಡವೇ ಬೇಡ. ಜಾಸ್ತಿ ತೆಳುವಾದರೆ ವಾಪಸ್ ತರೋಕೆ ಇಲ್ಲಿ ಅನ್‌ಡೂ ಬಟನ್ ಇಲ್ಲ.

ಎರಡನೇ ಬೆಲ್ಟ್ ಅಪ್ಪನ ಸೊಂಟದಲ್ಲಿ ಈಗ ಐದನೇ ತಿಂಗಳು. ಅಮ್ಮ ಏನೂ ಹೇಳಿಲ್ಲ, ಆದರೆ ತಮ್ಮ ಹ್ಯಾಂಡ್‌ಬ್ಯಾಗಿನ ಕಿತ್ತುಹೋದ ಪಟ್ಟಿಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದಾರೆ.

ಕಳೆದ ಭಾನುವಾರ ಬಸ್ ಸ್ಟಾಪಿನ ಅಣ್ಣನನ್ನ ಮನೆಗೆ ಕರೆದುಕೊಂಡು ಬಂದು ಸ್ಪ್ಲಿಟರ್ ತೋರಿಸಿದೆ. ಒಂದು ಪಟ್ಟಿ ಎಳೆದು ನೋಡಿದರು. ಬಿದ್ದ ಸಿಪ್ಪೆಯನ್ನು ಬೆರಳಲ್ಲಿ ಸವರಿ, "ಭಾಳ ಚೆನ್ನಾಗಿದೆ ಸಾರ್" ಅಂದ್ರು. ನಿಮ್ಮ ಕೆಲಸಕ್ಕೂ ಬೇಕಾದಾಗ ತಗೊಂಡು ಹೋಗಿ ಅಂದೆ. ನಕ್ಕುಬಿಟ್ಟರು.

"ತಗೊಂಡು ಹೋಗಿ ಎಲ್ಲಿಗೆ ಬೋಲ್ಟ್ ಹಾಕ್ಲಿ ಸಾರ್, ಫುಟ್‌ಪಾತಿಗಾ?"