ಹಲ್ಲು ಕೀಳಿಸಲು ಹೋದರೆ ಶುಗರ್ ಯಾಕೆ ನೋಡುತ್ತಾರೆ?

ಕಳೆದ ರಂಜಾನ್ ಮುಗಿದ ಮೇಲೆ ನಮ್ಮ ಅಬ್ಬಾ ಅವರ ಕೆಳಗಿನ ಹಲ್ಲೊಂದು ಅಲ್ಲಾಡತೊಡಗಿತು. ಅದಕ್ಕೂ ಎಷ್ಟೋ ದಿನ ಮೊದಲೇ ಹಲ್ಲುಜ್ಜುವಾಗ ರಕ್ತ ಬರುತ್ತಿತ್ತು. "ಉಷ್ಣ ಆಗಿದೆ, ಅಷ್ಟೇ" ಎಂದು ಸುಮ್ಮನಿದ್ದರು. ನೋವು ತಡೆಯಲಾಗದೆ ಒಂದು ಸಂಜೆ ಅಂಗಡಿ ಬೇಗ ಮುಚ್ಚಿ, ನನ್ನನ್ನೂ ಕರೆದುಕೊಂಡು ದಂತ ವೈದ್ಯರ ಬಳಿ ಹೋದರು.

ಬಾಯಿ ನೋಡಿದ ವೈದ್ಯರು ಮೊದಲು ಕೇಳಿದ್ದು, "ನಿಮಗೆ ಶುಗರ್ ಇದೆಯಾ?"

"ಇತ್ತು. ಈಗ ಚೆನ್ನಾಗಿದ್ದೇನೆ, ಮಾತ್ರೆ ಬಿಟ್ಟಿದ್ದೇನೆ" ಎಂದರು ಅಬ್ಬಾ.

ಬೆರಳಿನಿಂದ ರಕ್ತ ತೆಗೆದು ನೋಡಿದಾಗ 312 ಇತ್ತು. ವೈದ್ಯರು ಅಂದು ಹಲ್ಲು ಕೀಳಲಿಲ್ಲ. ಸೋಂಕಿಗೆ ಔಷಧಿ ಬರೆದು, ಮೊದಲು ಶುಗರ್ ಡಾಕ್ಟರನ್ನು ಕಂಡು ಬನ್ನಿ ಎಂದರು. "ನೋವು ಹಲ್ಲಿಗೆ, ಸೂಜಿ ಬೆರಳಿಗೆ!" ಎಂದು ಅಬ್ಬಾ ದಾರಿಯುದ್ದಕ್ಕೂ ಗೊಣಗಿದರು. ನಾನು ಕಾಮರ್ಸ್ ಓದುವವಳು, ನನಗೂ ಅರ್ಥವಾಗಲಿಲ್ಲ. ಮುಂದಿನ ಸಲ ಹೋದಾಗ ವೈದ್ಯರನ್ನೇ ಕೇಳಿದೆ. ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಲ್ಲನ್ನು ಹಿಡಿದಿಡುವುದು ವಸಡು ಮತ್ತು ಅದರೊಳಗಿನ ಮೂಳೆ. ಹಲ್ಲಿನ ಬುಡದಲ್ಲಿ ದಿನವೂ ಬ್ಯಾಕ್ಟೀರಿಯಾಗಳ ಅಂಟು ಪದರ ಕೂರುತ್ತದೆ. ಸರಿಯಾಗಿ ಉಜ್ಜದಿದ್ದರೆ ಅದು ಗಟ್ಟಿಯಾಗಿ ಗಾರೆ ಕಟ್ಟುತ್ತದೆ, ವಸಡು ಊದುತ್ತದೆ, ರಕ್ತ ಬರುತ್ತದೆ. ಇದು ಯಾರಿಗಾದರೂ ಆಗಬಹುದು. ಆದರೆ ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ ಮೂರು ತೊಂದರೆ ಸೇರಿಕೊಳ್ಳುತ್ತವೆ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಸಣ್ಣ ರಕ್ತನಾಳಗಳು ಹಾಳಾಗಿ ಗಾಯ ನಿಧಾನವಾಗಿ ಮಾಯುತ್ತದೆ. ಬಾಯಿ ತೊಳೆಯುವ ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಊತ ಒಳಗೆ ಇಳಿದು ಮೂಳೆಯನ್ನೇ ಕರಗಿಸಿದಾಗ ಹಲ್ಲು ಅಲ್ಲಾಡುತ್ತದೆ. ಅಂಥ ಸಮಯದಲ್ಲಿ ಅವಸರದಿಂದ ಹಲ್ಲು ಕಿತ್ತರೆ ಗಾಯ ಮಾಯದೆ ಸೋಂಕು ಹೆಚ್ಚಬಹುದು. ವೈದ್ಯರು ತಡೆದದ್ದು ಅದಕ್ಕೇ.

ಅಕೌಂಟೆನ್ಸಿಯಲ್ಲಿ ಒಂದೇ ವ್ಯವಹಾರ ಎರಡು ಖಾತೆಗಳಲ್ಲಿ ದಾಖಲಾಗುತ್ತದಲ್ಲವೇ? ಇದೂ ಹಾಗೆಯೇ. ವಸಡಿನ ಸೋಂಕು ದೇಹದಲ್ಲಿ ಇನ್ಸುಲಿನ್ ಕೆಲಸವನ್ನು ಕುಗ್ಗಿಸಿ ಶುಗರ್ ಏರಿಸುತ್ತದೆ. ವಸಡಿಗೆ ಚಿಕಿತ್ಸೆ ಮಾಡಿಸಿದರೆ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಶುಗರ್, ಸ್ವಲ್ಪ ಇಳಿಯುತ್ತದೆ. ಹಾಗೆಂದು ಮಾತ್ರೆ ಬಿಡುವಂತಿಲ್ಲ.

ಬೇರೆ ಕಾಯಿಲೆಗಳಿಗೂ ಬಾಯಿಗೂ ನಂಟಿದೆ. ಮೂರ್ಛೆ ರೋಗಕ್ಕೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಆಮ್ಲೋಡಿಪಿನ್ ಕೆಲವರಲ್ಲಿ ವಸಡನ್ನು ದಪ್ಪಗೆ ಬೆಳೆಸುತ್ತವೆ. ಹುಳಿತೇಗು ಪದೇ ಪದೇ ಬರುವವರ ಹಲ್ಲಿನ ಮೇಲ್ಪದರವನ್ನು ಹೊಟ್ಟೆಯ ಆಮ್ಲ ಸವೆಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಹೃದಯದ ಕವಾಟ ಬದಲಿಸಿಕೊಂಡವರು ಅದನ್ನು ದಂತ ವೈದ್ಯರಿಗೆ ಮೊದಲೇ ಹೇಳಬೇಕು. ಮಾತ್ರೆಗಳ ಚೀಟಿ ಜೊತೆಗೇ ಒಯ್ಯುವುದು ಒಳ್ಳೆಯದು. ಯಾವ ಮಾತ್ರೆಯನ್ನೂ ನಾವಾಗಿಯೇ ನಿಲ್ಲಿಸಬಾರದು.

"ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ" ಎಂದು ದಾದಿ ಹೆದರಿಸಿದರು. ನಿಜವೆಂದರೆ ಹಲ್ಲು ಮೊದಲೇ ಸಡಿಲವಾಗಿರುತ್ತದೆ, ಗಾರೆ ಅದನ್ನು ಮುಚ್ಚಿಟ್ಟಿರುತ್ತದೆ. ದಾದಿಯ ಮಿಸ್ವಾಕ್ ಆಗಲಿ, ನಮ್ಮ ಬ್ರಷ್ ಆಗಲಿ ದಿನದ ಕೊಳೆ ತೆಗೆಯುತ್ತದೆ. ಗಟ್ಟಿಯಾದ ಗಾರೆಗೆ ವೈದ್ಯರೇ ಬೇಕು.

ಅಬ್ಬಾ ಅವರ ಎಚ್‌ಬಿಎ1ಸಿ ಆಗ 10.4 ಇತ್ತು. ಮೂರು ತಿಂಗಳ ನಂತರ 7.8ಕ್ಕೆ ಬಂತು. ಆ ಒಂದು ಹಲ್ಲು ಉಳಿಯಲಿಲ್ಲ, ಪಕ್ಕದ ಎರಡು ಉಳಿದವು. ಕರಗಿದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲವಂತೆ. ರಕ್ತ ಕಂಡ ಮೊದಲ ವಾರವೇ ಹೋಗಿದ್ದರೆ ಅದೂ ಉಳಿಯುತ್ತಿತ್ತೇನೋ. ಈಗ ಮಾತ್ರೆಯ ಡಬ್ಬಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇರುತ್ತದೆ.

ಸ್ನೇಹಿತರೇ, ನಿಮ್ಮ ಮನೆಯಲ್ಲೂ ಶುಗರ್ ಇರುವವರು ಇರಬಹುದು. ಇಂದು ರಾತ್ರಿ ಊಟದ ಹೊತ್ತಿಗೆ ಅವರನ್ನು ಒಂದು ಮಾತು ಕೇಳಿ: "ಹಲ್ಲುಜ್ಜುವಾಗ ರಕ್ತ ಬರುತ್ತದೆಯಾ?"

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ